ಎರೆ ಹೊಲ ಪಳಗಿದ ಬಗೆ

ಬೇಸಿಗೆಯಲ್ಲಿ ಅಫಜಲಪುರದಿಂದ ಭೀಮೆಯ ದಂಡೆಗುಂಟ ಹೋಗುವವರು ಒಮ್ಮೆ ರಸ್ತೆ ಬಿಟ್ಟು ಹೊಲಕ್ಕಿಳಿದು ನೋಡಬೇಕು. ಕರಿ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಸಿದರೂ ಕೆಲವು ಕಡೆ ತಳ ಸಿಗುವುದಿಲ್ಲ. ಜೂನಿನಲ್ಲಿ ಎರಡು ದೊಡ್ಡ ಮಳೆ ಬಿದ್ದವೋ, ಅದೇ ನೆಲ ಊದಿಕೊಂಡು ಬಿರುಕು ಮುಚ್ಚಿ, ಕಾಲಿಟ್ಟವರ ಚಪ್ಪಲಿಯನ್ನೇ ಕಸಿದುಕೊಳ್ಳುತ್ತದೆ. ಒಣಗಿದರೆ ಕಲ್ಲು, ನೆನೆದರೆ ಅಂಟು. ಈ ಎರಡರ ನಡುವೆ ಉಳಲು, ಬಿತ್ತಲು ಒದಗುವುದು ಕೆಲವೇ ದಿನ. ಆ ದಿನಗಳಿಗೆ ಊರವರು ಇಟ್ಟ ಹೆಸರು ಹದ. ಹದ ತಪ್ಪಿದವನ ವರ್ಷ ತಪ್ಪಿತು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳ ಬಹುಪಾಲು ಬದುಕು ನಿಂತಿರುವುದು ಇಂಥ ಎರೆ ಮಣ್ಣಿನ ಮೇಲೆ. ದಖ್ಖನ್ನಿನ ಹಳೆಯ ಲಾವಾ ಬಂಡೆ ಕರಗಿ ಆದ ಮಣ್ಣು ಅದು. ಜೇವರ್ಗಿಯ ಕಡೆಗೆ ಬಂದಂತೆ ಕೆಳಗೆ ಸುಣ್ಣಕಲ್ಲಿನ ಹಾಸೂ ಸಿಗುತ್ತದೆ. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಅದೂ ಮನಸ್ಸು ಬಂದಂತೆ. ಆಳಂದದ ಕಡೆಯಿಂದ ಇಳಿದು ಬರುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ಮೀಯಲು ದತ್ತನ ಭಕ್ತರು ನಾಡಿನ ಎಲ್ಲ ಕಡೆಯಿಂದ ಬರುತ್ತಾರೆ. ಆದರೆ ತಗ್ಗಿನಲ್ಲಿ ಹರಿಯುವ ಹೊಳೆಯ ನೀರನ್ನು ಎತ್ತರದ ಹೊಲಕ್ಕೆ ಏರಿಸುವ ದಾರಿ ಹಿಂದಿನವರಿಗೆ ಇರಲಿಲ್ಲ. ಬಾವಿಯಿದ್ದವರು ಎತ್ತು ಕಟ್ಟಿ, ತೊಗಲಿನ ಚೀಲದ ಕಪಿಲೆಯಿಂದ ನೀರೆತ್ತಿ ಒಂದು ತುಂಡು ತೋಟ ಮಾಡಿಕೊಂಡರು. ಉಳಿದದ್ದೆಲ್ಲ ಮಳೆಯ ಹೊಲ. ಇಂಥ ನೆಲವನ್ನು ಮನುಷ್ಯ ಅನ್ನ ಕೊಡುವ ನೆಲವಾಗಿ ಮಾಡಿಕೊಂಡದ್ದು ಹೇಗೆ ಎಂಬುದು ಅರಸರ ಯುದ್ಧಗಳಷ್ಟೇ ದೊಡ್ಡ ಇತಿಹಾಸ. ಅದನ್ನು ಬರೆದಿಟ್ಟವರು ಮಾತ್ರ ಕಡಿಮೆ.

ಯುರೋಪಿನವರು ತಮ್ಮ ಮಧ್ಯಯುಗದ ಬೇಸಾಯದ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1962ರಲ್ಲಿ ಹೊರತಂದ ಪುಸ್ತಕದಲ್ಲಿ ಆ ಖಂಡದ ಏಳಿಗೆಗೆ ನೇಗಿಲು, ಕುದುರೆಯ ಕೊರಳಪಟ್ಟಿ ಮತ್ತು ದ್ವಿದಳ ಕಾಳುಗಳೇ ಕಾರಣ ಎಂಬಷ್ಟು ದೂರ ವಾದ ಮಾಡಿದ. ಉತ್ತರ ಯುರೋಪಿನ ಮಣ್ಣೂ ಜಿಗುಟು, ತೇವದ ಮಣ್ಣೇ. ರೋಮನ್ನರ ಕಾಲದ ಹಗುರ ನೇಗಿಲು ಅದನ್ನು ಗೀರಬಲ್ಲದು, ಮಗುಚಲಾರದು. ಆಮೇಲೆ ಬಂದ ಭಾರಿ ನೇಗಿಲಿಗೆ ಮಣ್ಣನ್ನು ಸೀಳುವ ಅಲಗು, ಅಡಿಯಿಂದ ಕತ್ತರಿಸುವ ಕುಡ, ಹೊರಳಿಸುವ ಹಲಗೆ, ಮೂರೂ ಇದ್ದವು. ಅದನ್ನು ಎಳೆಯಲು ಎಂಟು ಎತ್ತು ಬೇಕಾಗುತ್ತಿತ್ತು. ಇಂಗ್ಲೆಂಡಿನ ಅರಸ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದಲ್ಲಿ ಊರೂರಿನ ನೇಗಿಲುಗಳನ್ನು ಎಣಿಸಿದ್ದಾರೆ. ಒಂದು ನೇಗಿಲೆಂದರೆ ಎಂಟು ಎತ್ತು ಎಂಬುದು ಅದರ ಸಾಮಾನ್ಯ ಲೆಕ್ಕ. ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳೂ ಅದೇ ಲೆಕ್ಕದಲ್ಲಿ 5,500ಕ್ಕೂ ಹೆಚ್ಚು ಸಿಗುತ್ತವೆ.

ಆ 1086ರಲ್ಲಿ ಕಲ್ಯಾಣದಲ್ಲಿ ಆಳುತ್ತಿದ್ದವನು ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಪಟ್ಟಕ್ಕೆ ಬಂದ 1076ರಿಂದ ತನ್ನದೇ ಹೆಸರಿನ ಶಕೆ ನಡೆಸಿದವನು. ಈಗಿನ ಆಳಂದ ಆಗಿನ ಶಾಸನಗಳಲ್ಲಿ ಅಳಂದೆ. ಅದರ ಸುತ್ತಲಿನ ಸೀಮೆ 'ಅಳಂದೆ ಸಾಸಿರ'. ರಾಜಧಾನಿಗೆ ಹತ್ತಿರದ ಈ ನಾಡಿನಲ್ಲೂ ಜಿಗುಟು ಮಣ್ಣೇ, ಇಲ್ಲೂ ಎತ್ತುಗಳೇ. ಯುರೋಪಿನ ಮಣ್ಣಿಗಿದ್ದ ತೊಂದರೆ ನೀರು ಹೆಚ್ಚಾಗುವುದು. ಇಲ್ಲಿನ ಮಣ್ಣಿಗೆ ನೀರು ಸಾಲದು. ಅದೊಂದು ವ್ಯತ್ಯಾಸಕ್ಕೇ ಎರಡು ನಾಡುಗಳ ಬೇಸಾಯ ಬೇರೆ ಬೇರೆ ದಾರಿ ಹಿಡಿಯಿತು.

ಭಾರಿ ನೇಗಿಲು ಇಲ್ಲೂ ಇತ್ತು. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ರಂಟೆ. ಜಾಲಿಯಂಥ ಗಟ್ಟಿ ಕಟ್ಟಿಗೆಯ ದಪ್ಪ ಕೊರಡು, ಅದಕ್ಕೆ ಕಬ್ಬಿಣದ ಕುಡ. ಎರೆ ನೆಲದಲ್ಲಿ ಅದನ್ನು ಆಳಕ್ಕೆ ಇಳಿಸಲು ನಾಲ್ಕು, ಆರು, ಎಂಟು ಎತ್ತು ಹೂಡಬೇಕು. ನೆರೆಯ ಬಿಜಾಪುರ, ಸೊಲ್ಲಾಪುರ ಜಿಲ್ಲೆಗಳ ಬ್ರಿಟಿಷ್ ಕಾಲದ ಗೆಜೆಟಿಯರುಗಳು ಇಂಥ ದೊಡ್ಡ ನೇಗಿಲುಗಳನ್ನು ವರ್ಣಿಸಿವೆ. ಎಂಟು ಎತ್ತು ಒಂದೇ ಮನೆಯಲ್ಲಿ ಇರುವುದು ಅಪರೂಪ. ಆದ್ದರಿಂದ ನಾಲ್ಕು ಮನೆಯವರು ಕೂಡಿ, ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಮುಯ್ಯಿ ಲೆಕ್ಕದಲ್ಲಿ ಉಳುತ್ತಿದ್ದರು. ಇಂಗ್ಲೆಂಡಿನ ಹಳ್ಳಿಗಳಲ್ಲೂ ಬಡ ಒಕ್ಕಲಿಗರು ಹೀಗೆಯೇ ಎತ್ತು ಸೇರಿಸಿ ನೇಗಿಲು ಕಟ್ಟುತ್ತಿದ್ದರು ಎಂಬುದನ್ನು ಓದಿದಾಗ, ಸಾವಿರಾರು ಮೈಲಿ ದೂರದ ಎರಡು ಊರುಗಳು ಪಕ್ಕಪಕ್ಕದಲ್ಲಿ ನಿಂತಂತೆ ಕಾಣುತ್ತದೆ.

ಆದರೆ ಭೀಮೆಯ ಬಯಲಿನಲ್ಲಿ ರಂಟೆ ಪ್ರತಿ ವರ್ಷದ ಕೆಲಸವಲ್ಲ. ಕರಿಕೆ ಹುಲ್ಲು ಹಬ್ಬಿ ಬೇರು ಆಳಕ್ಕಿಳಿದಾಗ, ಕೆಲವು ವರ್ಷಕ್ಕೊಮ್ಮೆ, ಅದನ್ನು ಹೊರಗೆ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಈ ನೆಲ ತಾನೇ ಬಿರಿದು, ಮೇಲಿನ ಪುಡಿ ಮಣ್ಣು ಬಿರುಕಿಗೆ ಬಿದ್ದು, ಮಳೆಗೆ ಮತ್ತೆ ಮೇಲೇಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲವನ್ನು ವರ್ಷ ವರ್ಷ ಮಗುಚಿದರೆ ಒಳಗಿನ ತೇವ ಹಾರಿಹೋಗುವುದು ಬಿಟ್ಟು ಬೇರೇನೂ ಆಗದು. ಅದನ್ನು ಕಂಡುಕೊಂಡ ರೈತ ರಂಟೆಯನ್ನು ಅಟ್ಟಕ್ಕೇರಿಸಿ ಕುಂಟೆ ಹಿಡಿದ. ಅಡ್ಡ ಮರಕ್ಕೆ ಎರಡು ಕಾಲು, ಕಾಲುಗಳಿಗೆ ಅಡ್ಡಲಾಗಿ ಉದ್ದನೆಯ ಕಬ್ಬಿಣದ ಅಲಗು. ಎತ್ತು ಎಳೆದಂತೆ ಅಲಗು ಮೇಲ್ಮಣ್ಣಿನ ಕೆಳಗೆ ಎರಡು ಮೂರು ಬೆರಳಾಳದಲ್ಲಿ ಸರಿಯುತ್ತದೆ. ಕಸದ ಬೇರು ಕತ್ತರಿಸುತ್ತದೆ. ಮೇಲೆ ಪುಡಿಮಣ್ಣಿನ ಹೊದಿಕೆ ಉಳಿಸಿ, ಕೆಳಗಿನ ತೇವಕ್ಕೆ ಮುಚ್ಚಳ ಹಾಕುತ್ತದೆ. ಈ ಕೆಲಸಕ್ಕೆ ಹರಗುವುದು ಎಂಬ ಚಂದದ ಮಾತಿದೆ.

ಹರಗುವುದರ ಬೆಲೆ ತಿಳಿಯಬೇಕಾದರೆ ಹಿಂಗಾರಿ ಹೊಲವನ್ನು ನೋಡಬೇಕು. ಯುರೋಪಿನ ಊರುಗಳಲ್ಲಿ ಮೊದಲು ಹೊಲವನ್ನು ಎರಡು ಪಾಲು ಮಾಡಿ ಒಂದನ್ನು ವರ್ಷವಿಡೀ ಬೀಳು ಬಿಡುತ್ತಿದ್ದರು. ಆಮೇಲೆ ಮೂರು ಪಾಲು ಮಾಡಿದರು: ಒಂದರಲ್ಲಿ ಚಳಿಗಾಲದ ಗೋಧಿ ಅಥವಾ ರೈ, ಇನ್ನೊಂದರಲ್ಲಿ ವಸಂತದ ಓಟ್ಸ್, ಬಾರ್ಲಿ, ಬಟಾಣಿ, ಬೀನ್ಸು, ಮೂರನೆಯದು ಬೀಳು. ಅರ್ಧದಷ್ಟಿದ್ದ ಬೀಳು ಮೂರರಲ್ಲಿ ಒಂದಕ್ಕೆ ಇಳಿಯಿತು. ಅದನ್ನೇ ಇತಿಹಾಸಕಾರರು ಕ್ರಾಂತಿ ಎಂದು ಕರೆದರು. ಭೀಮೆಯ ಬಯಲಿನಲ್ಲಿ ಬೀಳು ಬೇರೆ ರೀತಿಯದು. ಆಳವಾದ ಎರೆಯಲ್ಲಿ ಮುಂಗಾರಿನ ನಾಲ್ಕು ತಿಂಗಳು ಏನೂ ಬಿತ್ತದೆ, ಮಳೆ ನಿಂತಾಗಲೆಲ್ಲ ಹರಗುತ್ತಾ, ಬಿದ್ದ ನೀರನ್ನೆಲ್ಲ ನೆಲಕ್ಕೆ ಕುಡಿಸುತ್ತಾರೆ. ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ, ಬಿಳಿಜೋಳ, ಕಡಲೆ, ಕುಸುಬಿ, ಅಗಸೆ ಬಿತ್ತುತ್ತಾರೆ. ಅಲ್ಲಿಂದ ಸುಗ್ಗಿಯವರೆಗೆ ಒಂದು ಹನಿ ಬೀಳದಿದ್ದರೂ ಜೋಳ ನೆಲದೊಳಗಿನ ತೇವವನ್ನೇ ಕುಡಿದು, ಚಳಿಗೆ ತೆನೆ ಹಿಡಿಯುತ್ತದೆ. ಬೀಳು ಬಿದ್ದಿರುವುದು ವರ್ಷವಲ್ಲ, ನಾಲ್ಕು ತಿಂಗಳು. ಆ ನಾಲ್ಕು ತಿಂಗಳೂ ಅದು ಖಜಾನೆ ತುಂಬುತ್ತಿರುತ್ತದೆ.

ಇನ್ನು ಕೂರಿಗೆ. ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇದರ ಮುಂದೆ.

ಮಧ್ಯಯುಗದ ಯುರೋಪಿನ ಚಿತ್ರಗಳಲ್ಲಿ ಬಿತ್ತುವವನು ಮಡಿಲಿನಲ್ಲೋ ಬುಟ್ಟಿಯಲ್ಲೋ ಬೀಜ ಹೊತ್ತು, ನಡೆಯುತ್ತಾ ಕೈಬೀಸಿ ಎರಚುತ್ತಾನೆ. ಹಕ್ಕಿ ತಿನ್ನುವುದು, ಗಾಳಿಗೆ ಹಾರುವುದು, ಮೇಲೆಯೇ ಉಳಿದು ಒಣಗುವುದು, ಎಲ್ಲ ಕಳೆದು ಉಳಿದದ್ದು ಮೊಳೆಯಬೇಕು. ಒಂದು ಪಾಲು ಬೀಜಕ್ಕೆ ಮೂರು ನಾಲ್ಕು ಪಾಲು ಗೋಧಿ ಬಂದರೆ ಅದೇ ಒಳ್ಳೆಯ ಸುಗ್ಗಿ. ಇಂಗ್ಲೆಂಡಿನ ಜೆತ್ರೊ ಟಲ್ ಸಾಲಿನಲ್ಲಿ ಬೀಜ ಬೀಳಿಸುವ ಯಂತ್ರ ಮಾಡಿದ್ದು 1701ರ ಸುಮಾರಿಗೆ. ಅದು ಹೊಲಹೊಲಕ್ಕೆ ಹರಡಲು ಇನ್ನೂ ನೂರು ವರ್ಷ ಬೇಕಾಯಿತು. ಅದೇ 18ನೇ ಶತಮಾನದ ಕೊನೆಗೆ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಟ್ ಎಂಬ ಬ್ರಿಟಿಷ್ ಅಧಿಕಾರಿ ಹಳ್ಳಿಗರ ಹೊಲದಲ್ಲಿ ಬಿತ್ತುವ ಕೂರಿಗೆ ಕಂಡು ಬೆರಗಾದ. ಯುರೋಪಿನ ಹೊಸ ಶೋಧವೆಂದು ತಾನು ತಿಳಿದಿದ್ದ ಉಪಕರಣ ಇಲ್ಲಿ ಸಾಮಾನ್ಯರ ಕೈಯಲ್ಲಿದೆ ಎಂದು ಲಂಡನ್ನಿನ ಕೃಷಿ ಮಂಡಳಿಗೆ ಬರೆದ. ಅವನಿಗಿಂತ ಇನ್ನೂರೈವತ್ತು ವರ್ಷಕ್ಕೂ ಮೊದಲು ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸ ನಮ್ಮ ಕರಾವಳಿಯ ಭತ್ತದ ಗದ್ದೆಗಳಲ್ಲಿ, ಉಳುತ್ತಿದ್ದಂತೆಯೇ ಟೊಳ್ಳು ಕಬ್ಬಿಣದ ಮೂಲಕ ಬೀಜ ನೆಲಕ್ಕಿಳಿಯುವುದನ್ನು ನೋಡಿ ಬರೆದಿದ್ದ.

ಬಯಲುಸೀಮೆಯ ಕೂರಿಗೆಯ ಕಟ್ಟು ಸರಳ, ಲೆಕ್ಕ ಮಾತ್ರ ಬಲು ಬಿಗಿ. ಅಡ್ಡ ಮರಕ್ಕೆ ಮೂರೋ ನಾಲ್ಕೋ ತಾಳು. ಒಂದೊಂದು ತಾಳಿನ ತುದಿಗೆ ಕಬ್ಬಿಣದ ಮೊನೆ, ಹಿಂದೆ ತೂತು. ತೂತಿಗೆ ಒಂದೊಂದು ಬಿದಿರ ಕೊಳವೆ. ಕೊಳವೆಗಳೆಲ್ಲ ಮೇಲೆ ಬಂದು ಒಂದು ಮರದ ಬಟ್ಟಲಿನಲ್ಲಿ ಕೂಡುತ್ತವೆ. ಬಟ್ಟಲಿಗೆ ಬೀಜ ಬಿಡುವುದು ಬಹುತೇಕ ಹೆಂಗಸರ ಕೈ. ಎತ್ತಿನ ನಡಿಗೆಗೆ ಸರಿಯಾಗಿ, ಮುಷ್ಟಿಯಿಂದ ಕಾಳು ಎಡೆಬಿಡದೆ ಜಾರಬೇಕು. ಕೈ ಬಿಗಿಯಾದರೆ ಸಾಲು ಬರಿದು, ಸಡಿಲವಾದರೆ ಪೈರು ಒತ್ತು. ಎಕರೆಗೆ ಮೂರು ನಾಲ್ಕು ಕಿಲೋ ಜೋಳ ಸಾಕಾಗುವುದು ಆ ಕೈಯ ಲೆಕ್ಕದಿಂದ. ಜೋಳದ ಬೀಜಕ್ಕೂ ಗೋಧಿಯ ಬೀಜಕ್ಕೂ ಗಾತ್ರದಲ್ಲಿ, ಗುಣದಲ್ಲಿ ಅಂತರವಿದೆ ನಿಜ. ಬರಿಯ ಬೀಜದ ಲೆಕ್ಕ ಹಿಡಿದು ಎರಡು ನಾಡುಗಳನ್ನು ತೂಗಲಾಗದು. ಆದರೂ ಬರಗಾಲದ ಮರುವರ್ಷ ಬಿತ್ತಲು ಹಿಡಿ ಬೀಜ ಮಾತ್ರ ಉಳಿದಿರುವ ಮನೆಗೆ ಕೂರಿಗೆ ಏನು ಮಾಡಿಕೊಡುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಬೀಜವನ್ನು ತೇವವಿರುವ ಆಳಕ್ಕೇ ಇಳಿಸುವುದು ಕೂರಿಗೆಯ ಇನ್ನೊಂದು ಗುಣ. ಮೇಲಿನ ಮಣ್ಣು ಆರಿದ್ದರೂ ನಾಲ್ಕು ಬೆರಳ ಕೆಳಗೆ ಹಸಿ ಇರುತ್ತದೆ. ಎರಚಿದ ಬೀಜಕ್ಕೆ ಅದು ಎಟುಕದು. ಪೈರು ನೇರ ಸಾಲಿನಲ್ಲಿ ಬಂದರೆ ಸಾಲಿನ ನಡುವೆ ಸಣ್ಣ ಎಡೆಕುಂಟೆ ಹೊಡೆಯಬಹುದು. ಅಂದರೆ ಕಸ ತೆಗೆಯುವ ಕೆಲಸದ ದೊಡ್ಡ ಪಾಲು ಮನುಷ್ಯರ ಬೆನ್ನಿನಿಂದ ಎತ್ತಿನ ಹೆಗಲಿಗೆ ಹೋಯಿತು. ಕೂರಿಗೆಯ ತಾಳುಗಳ ನಡುವಿನ ಅಂತರಕ್ಕೆ ಎಡೆಕುಂಟೆಯ ಅಲಗು ಹೊಂದಲೇಬೇಕು. ಎರಡನ್ನೂ ಒಂದೇ ಬಡಿಗ ಅಳತೆ ಹಿಡಿದು ಮಾಡುತ್ತಿದ್ದ. ಮೊನೆ, ಅಲಗು ಕಾಸಿ ಹದಗೊಳಿಸುವುದು ಕಮ್ಮಾರನ ಪಾಲು. ಇಬ್ಬರಿಗೂ ಕೂಲಿಯ ಲೆಕ್ಕವಿಲ್ಲ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ. ಒಂದು ದಿನಕ್ಕೆ ಒಂದು ಕೂರಿಗೆ ಬಿತ್ತುವಷ್ಟು ನೆಲಕ್ಕೂ ಉತ್ತರ ಕರ್ನಾಟಕದಲ್ಲಿ 'ಕೂರಿಗೆ' ಎಂದೇ ಹೆಸರು ಬಂತು. ಹೊಲದ ಅಳತೆಗೇ ಹೆಸರಾದ ಉಪಕರಣ ಎಷ್ಟು ಹಳೆಯದಿರಬೇಕು!

ಲಿನ್ ವೈಟ್ ಯುರೋಪಿನ ಬಟಾಣಿ, ಬೀನ್ಸುಗಳಿಗೆ ಕೊಟ್ಟ ಮನ್ನಣೆ ಇಲ್ಲಿ ತೊಗರಿಗೆ ಸಲ್ಲಬೇಕು. ಜೋಳ ಆಫ್ರಿಕಾದಿಂದ ಬಹಳ ಹಿಂದೆಯೇ ಬಂದ ಬೆಳೆ, ತೊಗರಿ ಭಾರತದ್ದೇ. ಮುಂಗಾರಿಯ ಹೊಲದಲ್ಲಿ ಜೋಳ, ಸಜ್ಜೆ, ಹೆಸರು, ಉದ್ದು, ಎಳ್ಳು ಯಾವುದನ್ನೇ ಬಿತ್ತಲಿ, ಕೆಲವು ಸಾಲಿಗೊಂದು ಸಾಲು ತೊಗರಿ ಇರಲೇಬೇಕು. ಕೂರಿಗೆಯ ಒಂದು ಕೊಳವೆಯ ಬಾಯಿ ಮುಚ್ಚಿ, ಹಿಂದೆ ಹಗ್ಗದಿಂದ ಕಟ್ಟಿದ ಇನ್ನೊಂದು ಕೊಳವೆಯಲ್ಲಿ ಬೇರೆ ಬೀಜ ಬಿಡುತ್ತಾ ನಡೆದರೆ ಒಂದೇ ಸುತ್ತಿನಲ್ಲಿ ಎರಡು ಬೆಳೆಯ ಬಿತ್ತನೆ ಮುಗಿಯಿತು. ಹೆಸರು ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಜೋಳ ಆಮೇಲೆ. ಅವೆಲ್ಲ ಹೊಲ ಬಿಟ್ಟುಹೋದ ಮೇಲೆ, ಅಲ್ಲಿಯವರೆಗೆ ಕುಗ್ಗಿಕೊಂಡಿದ್ದ ತೊಗರಿ ಅಗಲವಾಗಿ ಹರಡಿ, ಆಳದ ತೇವಕ್ಕೆ ಬೇರು ಚಾಚಿ, ಹೂಬಿಟ್ಟು, ಡಿಸೆಂಬರ್ ಜನವರಿಗೆ ಕಾಯಿ ಕೊಡುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ, ನೆಲಕ್ಕೆ ಉದುರಿದ ಎಲೆಯ ಗೊಬ್ಬರ, ಒಲೆಗೆ ಕಟ್ಟಿಗೆ. ರೊಟ್ಟಿಯ ಜೊತೆಗೆ ಬೇಳೆ ಬಂದಿದ್ದರಿಂದಲೇ ಈ ಸೀಮೆಯ ಬಡವರ ಊಟ ಪೂರ್ತಿಯಾಯಿತು. ಹಿಂಗಾರಿ ಜೋಳದ ಸುತ್ತ ಕುಸುಬಿಯ ಸಾಲು ಹಾಕುವುದೂ ಇಂಥದ್ದೇ ಜಾಣತನ: ಮುಳ್ಳಿನ ಗಿಡ ದನಗಳಿಗೆ ಬೇಲಿ, ಮನೆಗೆ ಎಣ್ಣೆ.

ಯುರೋಪಿಗೆ ಮೂರು ಹೊಲ ಬೇಕಾದ ಕೆಲಸವನ್ನು ಇಲ್ಲಿ ಒಂದೇ ಹೊಲದ ಸಾಲುಗಳು ಮಾಡಿದವು ಎಂದರೆ ಹೆಚ್ಚು ಹೇಳಿದಂತಾಗದು. ಗೊಬ್ಬರಕ್ಕೆ ಕೊಟ್ಟಿಗೆಯ ತಿಪ್ಪೆ, ಅದು ಸಾಲದೆಡೆ ಕುರಿಮಂದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರು ರಾತ್ರಿ ಕುರಿ ನಿಲ್ಲಿಸಿದರೆ, ಹೊಲದವನು ಅವರಿಗೆ ಕಾಳು ಕೊಡುತ್ತಿದ್ದ. ಕುದುರೆ ಮಾತ್ರ ಇಲ್ಲಿ ನೊಗಕ್ಕೆ ಬರಲಿಲ್ಲ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಕಟ್ಟಿದ ಮೇಲೆ ಪಶ್ಚಿಮದ ಬಂದರುಗಳಿಂದ ಬಂದ ಅರಬ್ಬಿ ಕುದುರೆಗಳೆಲ್ಲ ಸೈನ್ಯಕ್ಕೆ ಹೋದವು. ಹೊಲಕ್ಕೆ ಜೋಳದ ಕಣಿಕೆ ತಿಂದು ಬದುಕುವ ಎತ್ತೇ ಸರಿ. ಕಾಳು ಮನುಷ್ಯನಿಗೆ, ಕಣಿಕೆ ಎತ್ತಿಗೆ. ಈ ಕಾರಣಕ್ಕೇ ಬಿಳಿಜೋಳ ಇಂದಿಗೂ ಬಿಡಲಾಗದ ಬೆಳೆ.

ಆ ಕಾಲದ ಕೃಷಿಜ್ಞಾನ ಬರಹದಲ್ಲಿ ಸಿಗುವುದೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ. ಚಾಲುಕ್ಯರ ಜಯಸಿಂಹ ಜಗದೇಕಮಲ್ಲನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ 'ಲೋಕೋಪಕಾರಂ' ಬರೆದ. ನೆಲದೊಳಗಿನ ನೀರಿನ ಸೆಲೆ ಗುರುತಿಸುವುದು, ಗಿಡಮರಗಳ ಆರೈಕೆ ಮತ್ತು ಅವುಗಳ ರೋಗ, ಮಳೆಯ ಲಕ್ಷಣ, ಅಡುಗೆ, ಸುಗಂಧ, ಮದ್ದು, ಹೀಗೆ ಮನೆಗೂ ಹೊಲಕ್ಕೂ ಬೇಕಾದ ವಿದ್ಯೆಗಳನ್ನು ಕನ್ನಡದಲ್ಲೇ ಪೋಣಿಸಿದ ಗ್ರಂಥವದು. ಇಂಗ್ಲೆಂಡಿನ ವಾಲ್ಟರ್ ಆಫ್ ಹೆನ್ಲಿಯ ಹೆಸರಾಂತ ಬೇಸಾಯದ ಪುಸ್ತಕ ಬಂದದ್ದು ಅದಾಗಿ ಇನ್ನೂರು ವರ್ಷಕ್ಕೂ ಆಮೇಲೆ, 13ನೇ ಶತಮಾನದಲ್ಲಿ. ಚಾವುಂಡರಾಯ ಪಂಡಿತ, ತೋಟದ ಗಿಡಗಳ ಬಗ್ಗೆ ಅವನಿಗಿದ್ದ ಆಸಕ್ತಿ ಜೋಳದ ಹೊಲದ ಬಗ್ಗೆ ಕಾಣದು. ಕುಂಟೆ ಹಿಡಿದವರು ಗ್ರಂಥ ಬರೆಯಲಿಲ್ಲ.

ಆದರೂ ಅವರ ದನಿ ಒಂದು ಕಡೆ ಕೇಳಿಸುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಸುತ್ತ ಕೂಡಿದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣ ಎಂಬವನಿದ್ದ. 'ಕಾಮಭೀಮ ಜೀವಧನದೊಡೆಯ' ಎಂಬುದು ಅವನ ಅಂಕಿತ. ಹೊಲ, ಬಿತ್ತು, ಕಳೆ, ಸುಗ್ಗಿಗಳ ಮಾತಿನಲ್ಲೇ ಅಧ್ಯಾತ್ಮ ಹೇಳಿದವನು. ಬೆಳೆದವನೇ ಬರೆಯಲು ಕೂತದ್ದು ಕನ್ನಡ ನಾಡಿನ ದೊಡ್ಡ ಭಾಗ್ಯಗಳಲ್ಲೊಂದು. ಅದಕ್ಕೂ ಮೊದಲೇ ಜೋಳ ಕನ್ನಡದ ನೀತಿಮಾತಿನೊಳಗೆ ಹೊಕ್ಕಿತ್ತು. ಒಡೆಯನ ಅನ್ನದ ಋಣಕ್ಕೆ ಯುದ್ಧದಲ್ಲಿ ತಲೆ ಕೊಡುವ ನಿಷ್ಠೆಗೆ 'ಜೋಳವಾಳಿ' ಎಂದು ಹೆಸರು. ಅಕ್ಕಿಯ ಋಣ, ಉಪ್ಪಿನ ಋಣ ಎನ್ನುವ ನಾಡುಗಳ ನಡುವೆ ಜೋಳದ ಋಣ ಎಂದ ನಾಡು ಇದು.

ಆ ಜೋಳದ ಹೆಚ್ಚಳವನ್ನು ಉಂಡವರು ಯಾರು? ಜೇವರ್ಗಿಗೆ ನೆರೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಒಂದನೆಯ ಸೋಮೇಶ್ವರನ ಅಧಿಕಾರಿ ಮಧುಸೂದನ ಅಲ್ಲಿ ಘಟಿಕಾಶಾಲೆ ಕಟ್ಟಿಸಿ, ವೇದ ಓದುವ 200 ಮತ್ತು ಶಾಸ್ತ್ರ ಓದುವ 52 ವಿದ್ಯಾರ್ಥಿಗಳಿಗೆ, ಅವರ ಗುರುಗಳಿಗೆ, ಪುಸ್ತಕ ಕಾಯುವ ಆರು ಜನ ಸರಸ್ವತೀ ಭಂಡಾರಿಗರಿಗೆ ಮತ್ತರು ಲೆಕ್ಕದಲ್ಲಿ ಜಮೀನು ಬಿಡಿಸಿದ. ಇನ್ನೂರೈವತ್ತಕ್ಕೂ ಹೆಚ್ಚು ಜನ ಬೇಸಾಯ ಮಾಡದೆ, ಓದುತ್ತಾ ಕೂರಬಹುದಾಗಿತ್ತು. ಅಂದರೆ ಸುತ್ತಲಿನ ಎರೆಯಲ್ಲಿ ಉತ್ತವನ ಹೊಟ್ಟೆಗೆ ಮಿಕ್ಕಿ ಬೆಳೆಯುತ್ತಿತ್ತು. ಶಾಸನ ಗುರುಗಳನ್ನೂ ಭಂಡಾರಿಗರನ್ನೂ ಎಣಿಸುತ್ತದೆ, ಆ ಮತ್ತರುಗಳನ್ನು ಹರಗಿದವರನ್ನು ಎಣಿಸುವುದಿಲ್ಲ. ಅರಮನೆ, ಗುಡಿ, ಮಠ, ಘಟಿಕೆಗಳ ಬಗ್ಗೆ ಹೆಮ್ಮೆಪಡುವಾಗ ಆ ಹೆಸರಿಲ್ಲದವರನ್ನು ಮೊದಲು ನೆನೆಯುವುದು ನ್ಯಾಯ.

ಮಿಕ್ಕಿದ ಕಾಳನ್ನು ಕಾಯ್ದಿಡುವುದೂ ಒಂದು ವಿದ್ಯೆ. ಈ ಸೀಮೆಯ ಉತ್ತರ ಹಗೇವು. ಊರ ಅಂಗಳದಲ್ಲೋ ಮನೆಯ ಮುಂದೋ ಆಳವಾಗಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ. ಒಳಗೆ ಸುತ್ತಲೂ ಒಣಹುಲ್ಲಿನ ಹಾಸು, ಒಡಲ ತುಂಬ ಜೋಳ, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ಒಳಗಿನ ಗಾಳಿಯನ್ನು ಕಾಳು ತಾನೇ ಉಸಿರಾಡಿ ಮುಗಿಸುತ್ತದೆ, ಹುಳ ಬದುಕಲಾರವು. ಹೀಗೆ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಒಳಗಿಳಿದರೆ ಮನುಷ್ಯನಿಗೂ ಉಸಿರು ಸಿಗದು. ಅದಕ್ಕಾಗಿ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಗೇವಿನ ಜೋಳಕ್ಕೆ ಒಂದು ಬಗೆಯ ವಾಸನೆ. ಹಳಬರು ಅದನ್ನೂ ಇಷ್ಟಪಟ್ಟು ತಿಂದವರು.

ಆದರೂ ಬರ ಬರುತ್ತಿತ್ತು. ಯುರೋಪಿನ ಮೂರು ಹೊಲಗಳ ಏಳಿಗೆಯನ್ನು 1315ರಿಂದ ಬಿಡದೆ ಸುರಿದ ಮಳೆ ಮುರಿಯಿತು. ಆ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಇಲ್ಲಿ ಮಳೆಯಿಲ್ಲದೆ ಸತ್ತರು. ಬಹಮನಿಗಳ ಎರಡನೆಯ ಮುಹಮ್ಮದ್ ಷಾ (1378–1397) ಆಳುತ್ತಿದ್ದಾಗ ದಖ್ಖನ್ನಿಗೆ ಬಂದ ಕ್ಷಾಮದಲ್ಲಿ, ಮಾಳ್ವ ಮತ್ತು ಗುಜರಾತಿನಿಂದ ಕಾಳು ಹೊತ್ತು ತರಲು ಹತ್ತು ಸಾವಿರ ಎತ್ತುಗಳನ್ನು ಅರಸ ನೇಮಿಸಿದ್ದನೆಂದು ಫರಿಷ್ತಾ ಬರೆದಿದ್ದಾನೆ. ಬಿಜಾಪುರದ ಆಸ್ಥಾನದಲ್ಲಿ ಕೂತು 17ನೇ ಶತಮಾನದ ಆರಂಭದಲ್ಲಿ ಬರೆದವನು ಅವನು. ಸಾಲುಗಟ್ಟಿ ಬರುವ ಆ ಹೇರೆತ್ತುಗಳು ಕಲಬುರಗಿಯ ಕೋಟೆಯ ಬಾಗಿಲಿಗೆ ಬಂದ ದಿನವನ್ನು ಕಣ್ಣಿಗೆ ತಂದುಕೊಳ್ಳಬಹುದು. ಆ ತಲೆಮಾರಿನ ನೆನಪಲ್ಲೇ 'ದುರ್ಗಾದೇವಿ ಬರ' ಎಂಬ ಹೆಸರೂ ದಖ್ಖನ್ನಿನಲ್ಲಿ ಉಳಿಯಿತು. ಕೂರಿಗೆ, ಕುಂಟೆ, ಹಗೇವು ಎಲ್ಲ ಸೇರಿಯೂ ಒಂದೆರಡು ವರ್ಷದ ಬರವನ್ನು ತಡೆದಾವು. ಅದಕ್ಕಿಂತ ಹೆಚ್ಚಿನದನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ.

ಆಮೇಲಿನ ಐದುನೂರು ವರ್ಷಗಳಲ್ಲಿ ಶೇಂಗಾ ಬಂತು, ಮೆಣಸಿನಕಾಯಿ ಬಂತು. ಉಪಕರಣ ಹೆಚ್ಚು ಬದಲಾಗಲಿಲ್ಲ. 19ನೇ ಶತಮಾನದ ಕೊನೆಗೆ ಭಾರತ ಸುತ್ತಿ 1893ರಲ್ಲಿ ವರದಿ ಕೊಟ್ಟ ಬ್ರಿಟಿಷ್ ಕೃಷಿ ರಸಾಯನಜ್ಞ ವೋಲ್ಕರ್, ಇಲ್ಲಿನ ರೈತ ತನ್ನ ನಾಡಿನ ಸಾಮಾನ್ಯ ರೈತನಿಗೆ ಕಡಿಮೆಯೇನಲ್ಲ, ಕೆಲವು ವಿಷಯಗಳಲ್ಲಿ ಮೇಲು ಎಂಬ ತೀರ್ಮಾನಕ್ಕೆ ಬಂದ. ಕಬ್ಬಿಣದ ನೇಗಿಲು ಬಂದದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಂದ. ಕಬ್ಬಿಣದ ನೇಗಿಲು ತಾಗಿದರೆ ನೆಲಕ್ಕೆ ವಿಷವೆಂದು ಮೊದಲು ಯಾರೂ ಕೊಳ್ಳಲಿಲ್ಲ. ಆಮೇಲೆ ಕರಿಕೆ ಕಿತ್ತೊಗೆಯಲು ಎಂಟೆತ್ತಿನ ರಂಟೆ ಬೇಡವಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ, ರೋಹ್ತಕ್‌ಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಐದರಲ್ಲಿ ನಾಲ್ಕು ಕೇಂದ್ರಗಳು ಈ ಸೀಮೆಯ ಸುತ್ತಮುತ್ತ. ಹೊಲಕ್ಕೆ ಒಡ್ಡು ಹಾಕಿ ಮಣ್ಣು, ನೀರು ಹಿಡಿಯುವುದನ್ನು ಅಲ್ಲಿ ಲೆಕ್ಕಹಾಕಿ ಕಲಿಸಿದರು. ಅದೇ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದ ಆಯ್ದ ಮಾಲದಂಡಿ ತಳಿ ಇಂದಿಗೂ ಕಲಬುರಗಿಯ ರೊಟ್ಟಿಗೆ ಮೊದಲ ಆಯ್ಕೆ.

ಹಳೆಯವರು ಮುಂಗಾರಿನಲ್ಲಿ ಯಾಕೆ ಬಿತ್ತುತ್ತಿರಲಿಲ್ಲ ಎಂಬುದಕ್ಕೆ ಫರಹತಾಬಾದದ ಹೊಲಗಳು ಒಳ್ಳೆಯ ಸಾಕ್ಷಿ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಊರು ಅದು. 1972ರಲ್ಲಿ ಪಟಾನ್‌ಚೆರುವಿನಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು, ಮುಂಗಾರಿನಲ್ಲಿ ಎರೆ ಹೊಲ ಬೀಳು ಬಿಡುವುದು ನಷ್ಟ ಎಂದು ಲೆಕ್ಕ ಹಾಕಿ, 1980ರ ದಶಕದ ಮೊದಲಲ್ಲಿ ಅಲ್ಲಿ ಹೊಸ ಪದ್ಧತಿಯ ಪ್ರಯೋಗ ಮಾಡಿದರು. ಅಗಲ ಮಡಿ, ನಡುವೆ ನೀರಿಳಿಯುವ ಕಾಲುವೆ, ಎತ್ತು ಎಳೆಯುವ ಗಾಲಿಯ ಉಪಕರಣ, ವರ್ಷಕ್ಕೆ ಎರಡು ಬೆಳೆ. ವಿಜ್ಞಾನ ತಪ್ಪಿರಲಿಲ್ಲ. ಆದರೆ ಉಪಕರಣದ ಬೆಲೆ ಹೆಚ್ಚು, ಅಂಟು ಮಣ್ಣಿನಲ್ಲಿ ಕಳೆ ಹೆಚ್ಚು, ಮಳೆಯ ಭರವಸೆ ಕಡಿಮೆ. ಗಾಲಿಯ ಯಂತ್ರ ಊರಲ್ಲಿ ನೆಲೆಯೂರಲಿಲ್ಲ. ಜೊತೆಬೆಳೆಯ ಸಾಲು ಉಳಿಯಿತು.

ರೈತರಿಂದ ಪ್ರಯೋಗಾಲಯಕ್ಕೆ ಹೋದ ವಿದ್ಯೆಯೂ ಇದೆ. ತೊಗರಿಗೆ ಕಾಯಿಕೊರಕ ಹತ್ತಿದಾಗ ಈ ಭಾಗದವರು ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಚೀಲಕ್ಕೆ ಹುಳ ಬೀಳಿಸಿ ಕೊಲ್ಲುತ್ತಿದ್ದರು. ಇಕ್ರಿಸ್ಯಾಟ್ ಅದನ್ನು ಪರೀಕ್ಷಿಸಿ ಬೇರೆ ಕಡೆಗೂ ಕಲಿಸಿತು. ನೆಟೆ ರೋಗ ತಡೆಯುವ 'ಮಾರುತಿ' ತಳಿ 1986ರಲ್ಲಿ ಕರ್ನಾಟಕಕ್ಕೆ ಬಂದದ್ದು ಮಾತ್ರ ಪ್ರಯೋಗಾಲಯದಿಂದಲೇ. ತೊಗರಿಯ ಕಣಜ ಎಂಬ ಹೆಸರು ಗಟ್ಟಿಯಾಗಲು ಅದು ದೊಡ್ಡ ಕಾರಣ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಬೆಲೆ ಬಂದಂತೆ ಹೊಲದ ಒಂದು ಸಾಲಾಗಿದ್ದ ತೊಗರಿ ಇಡೀ ಹೊಲವಾಯಿತು. ನೂರಾರು ಎಕರೆ ಒಂದೇ ಬೆಳೆ ನಿಂತಾಗ ಹುಳಕ್ಕೂ ರೋಗಕ್ಕೂ ಹಬ್ಬ. 1997–98ರಲ್ಲಿ ಕಾಯಿಕೊರಕ ಜಿಲ್ಲೆಯ ಬೆಳೆ ತಿಂದು ಮನೆಗಳನ್ನೇ ಮುರಿಯಿತು. 2022ರಲ್ಲಿ ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗಿತು. ಬೇರೆ ಬೇರೆ ಸಾಲುಗಳ ಹಳೆಯ ಹೊಲ ಇಂಥ ಹೊಡೆತವನ್ನು ಹಂಚಿಕೊಳ್ಳುತ್ತಿತ್ತು.

ನೀರು ಬಂದ ಕಡೆ ಬದಲಾವಣೆ ಇನ್ನೂ ದೊಡ್ಡದು. ಅಫಜಲಪುರದ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು, ಆಳಂದದಲ್ಲಿ ಅಮರ್ಜಾ ಅಣೆಕಟ್ಟು, ಜೇವರ್ಗಿಯ ಕೆಲವು ಊರುಗಳಿಗೆ ನಾರಾಯಣಪುರದ ಕಾಲುವೆ. ಹಾವಳಗಾ, ಭೂಸನೂರುಗಳಲ್ಲಿ ಸಕ್ಕರೆ ಕಾರ್ಖಾನೆ. ಕಬ್ಬಿನ ಹೊಲಕ್ಕೆ ಕೂರಿಗೆ ಬೇಡ, ಅಲ್ಲಿ ಜೊತೆ ಸಾಲೂ ಇಲ್ಲ. ಉಳಿದ ಕಡೆ ಟ್ರ್ಯಾಕ್ಟರ್ ಬಂದು ಹದದ ನಾಲ್ಕು ದಿನದ ಕೆಲಸವನ್ನು ಒಂದು ದಿನಕ್ಕೆ ಇಳಿಸಿದೆ. ಅದು ಸಣ್ಣ ಉಪಕಾರವಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಕಬ್ಬಿಣದ ಯಂತ್ರವನ್ನೂ ಜನ ಕೂರಿಗೆ ಎಂದೇ ಕರೆಯುತ್ತಾರೆ.

ಮಾರ್ಗಶಿರ ಮುಗಿಯುವ ದಿನ ಎಳ್ಳ ಅಮಾವಾಸ್ಯೆ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ. ಬಂಡಿ, ಟ್ರ್ಯಾಕ್ಟರ್, ಬೈಕು ಏರಿ ಇಡೀ ಊರು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲಿ, ಸಾಲಾಗಿ ಕೂತು ಉಣ್ಣುತ್ತದೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆಯ ನಡುವೆ ಆ ದಿನದ ರಾಜ ಭಜ್ಜಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಹೊಲದಲ್ಲಿ ಸಿಕ್ಕ ಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಆದ ಪಲ್ಯ. ಹಿಂದೆ ಅದರ ಸಾಮಾನು ಹೊಲದ ಒಂದು ಸುತ್ತು ಹಾಕಿದರೆ ಮಡಿಲು ತುಂಬುತ್ತಿತ್ತು. ಈಗ ಅಮಾವಾಸ್ಯೆಯ ಹಿಂದಿನ ದಿನ ಕಲಬುರಗಿಯ ಮಾರುಕಟ್ಟೆಯಲ್ಲಿ ಭಜ್ಜಿಯ ಕಾಳು, ಸೊಪ್ಪುಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಕೊಳ್ಳಲು ಬಂದವರಲ್ಲಿ ಹತ್ತಾರು ಎಕರೆ ಹೊಲ ಇದ್ದವರೂ ಇರುತ್ತಾರೆ.